ಮಿಣುಕುಹುಳದ ಊರಿನಲ್ಲಿ ಒಂದು ದಿನ

ನಿಮ್ಮ ಮನೆಯಲ್ಲೂ ಕಾರ್ಟೂನ್ ಹುಚ್ಚಿನ ಮಕ್ಕಳಿರಬಹುದು. ಊಟದ ತಟ್ಟೆ ಮುಂದಿಟ್ಟುಕೊಂಡು ಟಿ.ವಿ.ಯಿಂದ ಕಣ್ಣು ಕೀಳದ ಅವರನ್ನು ಗದರಿಸಿ ನಿಮಗೂ ಸಾಕಾಗಿರಬಹುದು. ನಾನಂತೂ ರಿಮೋಟನ್ನು ಅಕ್ಕಿ ಡಬ್ಬಿಯಲ್ಲಿ ಬಚ್ಚಿಡುತ್ತಿದ್ದವಳು. ಅಂಥವಳು 2025ರ ಮೇ ತಿಂಗಳ ಕೊನೆಯಲ್ಲಿ, ಐವತ್ತೆಂಟನೆಯ ವಯಸ್ಸಿನಲ್ಲಿ, ಒಂದು ಕಾರ್ಟೂನ್ ಸಿನಿಮಾದ ಊರು ನೋಡಲಿಕ್ಕೆಂದೇ ಜಪಾನಿನಲ್ಲಿ ರೈಲು ಹತ್ತಿದೆ ಎಂದರೆ ನೀವು ನಗುತ್ತೀರಿ. ನಮ್ಮ ಮನೆಯವರೂ ನಕ್ಕರು. ನಗುವ ವಿಷಯವಲ್ಲ ಎಂದು ಗೊತ್ತಿದ್ದದ್ದು ನನಗೊಬ್ಬಳಿಗೆ ಮಾತ್ರ.

ಒಸಾಕಾದಲ್ಲಿ ನನ್ನ ತಂಗಿಯ ಮಗ ಇಂಜಿನಿಯರ್ ಆಗಿದ್ದಾನೆ. ತಂಗಿ ತೀರಿಕೊಂಡದ್ದು 2003ರಲ್ಲಿ, ಕಾಮಾಲೆಯಿಂದ. ಆಗ ಅವನಿಗೆ ಹನ್ನೊಂದು ವರ್ಷ. ತಂದೆ ದಮ್ಮಾಮ್‌ನಲ್ಲಿದ್ದರು, ಒಂದೆರಡು ವರ್ಷದಲ್ಲಿ ಮರುಮದುವೆಯಾದರು, ಹಣ ಬರುವುದು ಕಡಿಮೆಯಾಯಿತು, ಆಮೇಲೆ ನಿಂತಿತು. ಹುಡುಗ ತೀರ್ಥಹಳ್ಳಿಯ ನಮ್ಮ ಮನೆಯಲ್ಲೇ ಬೆಳೆದ. ಎಸ್ಸೆಸ್ಸೆಲ್ಸಿ ಮುಗಿಸಿ ಹಾಸ್ಟೆಲಿಗೆ ಹೋಗುವವರೆಗೆ, ಐದು ವರ್ಷ. ಊರಲ್ಲಿ ಎಲ್ಲರೂ, "ನಿಮ್ಮಂಥ ಖಾಲಾ ಎಲ್ಲರಿಗೂ ಸಿಗಬೇಕು" ಎನ್ನುತ್ತಿದ್ದರು. ಆ ಮಾತು ಕೇಳುವಾಗಲೆಲ್ಲ ನಾನು ಸೆರಗು ಸರಿಪಡಿಸಿಕೊಂಡು ಬೇರೆ ಮಾತು ತೆಗೆಯುತ್ತಿದ್ದೆ.

ಯಾಕೆಂದು ಹೇಳುತ್ತೇನೆ. ಅದಕ್ಕೆ ಮೊದಲು ಆ ಸಿನಿಮಾದ ಬಗ್ಗೆ ಹೇಳಬೇಕು.

ಅದರ ಹೆಸರಿನ ಅರ್ಥ 'ಮಿಣುಕುಹುಳಗಳ ಗೋರಿ'. 1988ರಲ್ಲಿ ಜಪಾನಿನ ಘಿಬ್ಲಿ ಸ್ಟುಡಿಯೋ ಮಾಡಿದ್ದು, ನಿರ್ದೇಶಕರು ಇಸಾವೊ ತಕಾಹಾಟಾ. 2024ರ ಸೆಪ್ಟೆಂಬರಿನಲ್ಲಿ ಅದು ನೆಟ್‌ಫ್ಲಿಕ್ಸಿಗೆ ಬಂದಾಗ ನನ್ನ ಮಗಳು, "ಅಮ್ಮೀ, ಇದನ್ನೊಂದು ನೋಡಿ, ಇದು ಮಕ್ಕಳ ಕಾರ್ಟೂನ್ ಅಲ್ಲ" ಎಂದು ಫೋನನ್ನು ನನ್ನ ಕೈಗಿಟ್ಟಳು. ಬಟಾಣಿ ಸುಲಿಯುತ್ತಾ ನೋಡಲು ಕುಳಿತೆ. ಮುಗಿದಾಗ ಬಟಾಣಿ ಹಾಗೇ ಇತ್ತು.

ಕಥೆ ದೊಡ್ಡದೇನಲ್ಲ. 1945ರ ಯುದ್ಧದ ಕೊನೆಯ ತಿಂಗಳುಗಳು. ಕೋಬೆ ನಗರದ ಮೇಲೆ ಅಮೆರಿಕದ ವಿಮಾನಗಳು ಬೆಂಕಿ ಬಾಂಬುಗಳನ್ನು ಸುರಿಯುತ್ತವೆ. ಹದಿನಾಲ್ಕು ವರ್ಷದ ಸೆಯಿತಾ, ನಾಲ್ಕು ವರ್ಷದ ತಂಗಿ ಸೆತ್ಸುಕೊ ಇಬ್ಬರೂ ತಾಯಿಯನ್ನು ಕಳೆದುಕೊಳ್ಳುತ್ತಾರೆ. ತಂದೆ ನೌಕಾಪಡೆಯಲ್ಲಿ, ಸುದ್ದಿಯಿಲ್ಲ. ಪಕ್ಕದ ನಿಶಿನೊಮಿಯಾ ಊರಿನಲ್ಲಿರುವ ಸಂಬಂಧಿಕ ಹೆಂಗಸಿನ ಮನೆ ಸೇರುತ್ತಾರೆ. ಮೊದಮೊದಲು ಎಲ್ಲ ಸರಿಯಿರುತ್ತದೆ. ಆಮೇಲೆ ಆ ಹೆಂಗಸು ಮಕ್ಕಳ ತಾಯಿಯ ರೇಷ್ಮೆ ಕಿಮೋನೋಗಳನ್ನು ಕೊಟ್ಟು ಅಕ್ಕಿ ತರುತ್ತಾಳೆ. ಪಾತ್ರೆಯ ತಳದ ಗಟ್ಟಿ ಅನ್ನ ದುಡಿಯಲು ಹೋಗುವ ತನ್ನ ಮಗಳಿಗೆ. ಮೇಲಿನ ತೆಳು ಗಂಜಿ ಈ ಮಕ್ಕಳಿಗೆ. ಮಾತು ಬಿರುಸಾಗುತ್ತದೆ. ಒಂದು ದಿನ ಅಣ್ಣ ತಂಗಿಯನ್ನು ಕರೆದುಕೊಂಡು ಹೊರಟು, ಕೆರೆಯ ಪಕ್ಕದ ಬಾಂಬು ಗುಹೆಯಲ್ಲಿ ಸಂಸಾರ ಹೂಡುತ್ತಾನೆ. ಆ ಹೆಂಗಸು ತಡೆಯುವುದಿಲ್ಲ. ಮುಂದಿನದು ಹಸಿವು. ಮೊದಲು ತಂಗಿ, ಆಮೇಲೆ ಅಣ್ಣ.

ನನ್ನ ಮಗಳು ಆ ಹೆಂಗಸಿಗೆ ಶಾಪ ಹಾಕಿ ಅತ್ತಳು. ನಾನು ಅಳಲಿಲ್ಲ. ಆ ಹೆಂಗಸು ಸೌಟು ಹಿಡಿದು ಪಾತ್ರೆಯೊಳಗೆ ನೋಡುವ ರೀತಿ ನನಗೆ ಪರಿಚಯದ್ದಾಗಿತ್ತು.

2005ರಲ್ಲಿ ನಮ್ಮವರ ಜವಳಿ ಅಂಗಡಿಯ ಪಾಲುದಾರಿಕೆ ಮುರಿಯಿತು. ಸುಮಾರು ಎರಡು ವರ್ಷ ಮನೆ ನಡೆದದ್ದು ನನ್ನ ಹೊಲಿಗೆ ಮಿಷನ್ನಿನಿಂದ. ತಂಗಿ ಸಾಯುವ ಮುಂಚೆ ತನ್ನ ಎರಡು ಚಿನ್ನದ ಬಳೆಗಳನ್ನು ನನ್ನ ಕೈಗೆ ಕೊಟ್ಟು, "ಆಪಾ, ಇದು ಅವನ ಓದಿಗೆ" ಎಂದಿದ್ದಳು. ಅಮಾನತ್ತು. ಅದರಲ್ಲಿ ಒಂದನ್ನು ನಾನು ಮಾರಿದೆ. ಶಾಲೆಯ ಫೀಸು ಕಟ್ಟಿದ್ದೂ ನಿಜ, ಉಳಿದ ಹಣ ಅಕ್ಕಿ, ಎಣ್ಣೆ, ಮನೆ ಬಾಡಿಗೆಗೆ ಹೋದದ್ದೂ ನಿಜ. ಅವನಿಗೆ ಹೇಳಿದ್ದು ಮಾತ್ರ, "ಫೀಸಿಗೆ ಮಾರಿದೆ ಬೇಟಾ" ಎಂದು.

ಇನ್ನೊಂದು ಇದೆ. ಒಂದು ರಾತ್ರಿ ಮನೆಯಲ್ಲಿ ಮೂರೇ ಮೊಟ್ಟೆ ಇದ್ದವು. ಸಾರು ಮಾಡಿದೆ. ಒಂದು ನಮ್ಮವರಿಗೆ, ಎರಡು ನನ್ನ ಇಬ್ಬರು ಮಕ್ಕಳಿಗೆ. ಅವನ ತಟ್ಟೆಗೆ ಆಲೂಗಡ್ಡೆ ಮತ್ತು ಸಾರು. ನಾನು ಏನಾದರೂ ಹೇಳುವ ಮೊದಲೇ ಅವನು, "ನಂಗೆ ಮೊಟ್ಟೆ ಅಂದ್ರೆ ಇಷ್ಟ ಇಲ್ಲ ಖಾಲಾ" ಎಂದ. ಅಲ್ಲಿಂದ ಮುಂದೆ ನಮ್ಮ ಮನೆಯಲ್ಲಿದ್ದಷ್ಟು ದಿನ ಅವನು ಮೊಟ್ಟೆ ಮುಟ್ಟಲಿಲ್ಲ. ನಾನೂ ತಿನ್ನಲಿಲ್ಲವಲ್ಲ ಎಂದು ಎಷ್ಟೋ ವರ್ಷ ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಆದರೆ ಸಹೋದರಿಯರೇ, ಬೆಂದ ಮೊಟ್ಟೆಯನ್ನು ದಾರದಿಂದ ಅರ್ಧ ಮಾಡುವುದು ನಮಗೆ ಯಾರಿಗೆ ಗೊತ್ತಿಲ್ಲ? ಮೂರು ಮೊಟ್ಟೆಯಲ್ಲಿ ಆರು ಹೋಳು. ಹೊಲಿಗೆಯವಳ ಮನೆಯಲ್ಲಿ ದಾರಕ್ಕೆ ಬರವೇ? ಯತೀಮ್ ಮಗುವಿನ ಬಗ್ಗೆ ನಮಗೆ ಕಲಿಸಿದ್ದು ನನಗೆ ತಿಳಿದಿರಲಿಲ್ಲವೆಂದೂ ಅಲ್ಲ.

ಅವನು, "ಖಾಲಾ, ಒಮ್ಮೆ ಬನ್ನಿ" ಎಂದು ಮೂರು ವರ್ಷದಿಂದ ಕರೆಯುತ್ತಿದ್ದ. ಸಿನಿಮಾ ನೋಡಿದ ಮೇಲೆ ಪಾಸ್‌ಪೋರ್ಟ್ ಮಾಡಿಸಿದೆ.

ಒಸಾಕಾದಲ್ಲಿ ಅವನು ನನಗಾಗಿ ದೊಡ್ಡ ಪಟ್ಟಿಯನ್ನೇ ಮಾಡಿಟ್ಟಿದ್ದ. ಕ್ಯೋಟೋ, ನಾರಾದ ಜಿಂಕೆಗಳು, ಕೋಟೆ. ನಾನು, "ಕೋಬೆಗೆ ಹೋಗೋಣ. ಆ ಇಬ್ಬರು ಮಕ್ಕಳ ಸಿನಿಮಾದ ಜಾಗಗಳಿಗೆ" ಎಂದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದ. ಇಂಥ ಸಿನಿಮಾಗಳೆಂದರೆ ಅವನಿಗೆ ಪ್ರಾಣ. 2016ರಲ್ಲಿ ಬಂದ 'ಕಿಮಿ ನೊ ನಾ ವಾ' ಚಿತ್ರದ ಕೊನೆಯಲ್ಲಿ ಬರುವ ಮೆಟ್ಟಿಲು ಟೋಕಿಯೋದ ಯೊತ್ಸುಯಾದಲ್ಲಿದೆಯಂತೆ. 1995ರ 'ಮಿಮಿ ವೊ ಸುಮಾಸೆಬಾ' ಚಿತ್ರದ ಏರುದಾರಿಯ ಬಡಾವಣೆ ಟೋಕಿಯೋದ ಅಂಚಿನ ಸೆಯಿಸೆಕಿ ಸಕುರಗವೊಕಾ ಅಂತೆ. ಎರಡೂ ಕಡೆ ಹೋಗಿ ಫೋಟೋ ತೆಗೆಸಿಕೊಂಡಿದ್ದ. ಸಿನಿಮಾದ ದೃಶ್ಯವನ್ನು ಫೋನಿನಲ್ಲಿ ಹಿಡಿದು, ಎದುರಿನ ಬೀದಿಗೆ ಹೊಂದಿಸಿ ನೋಡುವುದು ಅಲ್ಲಿನ ಯುವಕರಿಗೆ ದೊಡ್ಡ ಹವ್ಯಾಸ. ಅದಕ್ಕೆ ಅವರಿಟ್ಟ ಹೆಸರೂ 'ಪುಣ್ಯಸ್ಥಳ ಯಾತ್ರೆ' ಎಂಬ ಅರ್ಥದ್ದೇ. ನನಗೆ ಅದು ಅತಿಯಾಯಿತೆನ್ನಿಸಿತು. ಆದರೆ ನಾನು ಹೊರಟದ್ದಾದರೂ ಏನಕ್ಕೆ?

"ಅದನ್ನು ನಾನು ಪೂರ್ತಿ ನೋಡಿಲ್ಲ ಖಾಲಾ. ಅರ್ಧಕ್ಕೆ ನಿಲ್ಲಿಸಿದ್ದೆ" ಎಂದ. ಯಾವ ಅರ್ಧಕ್ಕೆ ಎಂದು ನಾನು ಕೇಳಲಿಲ್ಲ.

ಶನಿವಾರ ಬೆಳಿಗ್ಗೆ ಹನ್‌ಶಿನ್ ರೈಲು ಹಿಡಿದೆವು. ಒಸಾಕಾದಿಂದ ಕೋಬೆಗೆ ಅರ್ಧ ಗಂಟೆಯ ದಾರಿ. ಈ ಸಿನಿಮಾದ ಊರುಗಳೆಲ್ಲ ಆ ಒಂದೇ ಮಾರ್ಗದ ಆಸುಪಾಸಿನಲ್ಲಿವೆ. ಮೊದಲು ಸನ್ನೊಮಿಯಾ. ಸಿನಿಮಾ ಶುರುವಾಗುವುದೇ ಈ ನಿಲ್ದಾಣದಲ್ಲಿ, 1945ರ ಸೆಪ್ಟೆಂಬರ್ 21ರ ರಾತ್ರಿ. ಕಂಬಕ್ಕೆ ಒರಗಿದ ಹುಡುಗ ಹಸಿವಿನಿಂದ ಪ್ರಾಣ ಬಿಡುತ್ತಾನೆ. ಅವನ ಬಳಿ ಪೆಪ್ಪರಮೆಂಟಿನ ತಗಡಿನ ಡಬ್ಬಿಯೊಂದು ಸಿಗುತ್ತದೆ. ಅದರೊಳಗಿರುವುದು ತಂಗಿಯ ಎಲುಬಿನ ಚೂರುಗಳು. ಅಂಥದೇ ಕೆಂಪು ಡಬ್ಬಿ ಮಾಡುತ್ತಿದ್ದ ಹಳೆಯ ಕಂಪನಿ 2023ರ ಜನವರಿಯಲ್ಲಿ ವ್ಯಾಪಾರ ನಿಲ್ಲಿಸಿತಂತೆ.

ಈಗ ಅಲ್ಲಿ ಜನವೋ ಜನ. ಕಾಫಿ ಅಂಗಡಿ, ಬ್ರೆಡ್ಡಿನ ವಾಸನೆ, ಗಾಲಿಯ ಪೆಟ್ಟಿಗೆ ಎಳೆಯುವವರು. ನಾವು ಯಾವ ಕಂಬವನ್ನೂ ಹುಡುಕಲಿಲ್ಲ. ಒಂದು ಕಂಬದ ಪಕ್ಕ ಶಾಲೆಯ ಸಮವಸ್ತ್ರದ ಹುಡುಗನೊಬ್ಬ ಫೋನು ನೋಡುತ್ತಾ ನಿಂತಿದ್ದ. ಹದಿನಾಲ್ಕೇ ಇರಬೇಕು.

ಅಲ್ಲಿಂದ ಗುಡ್ಡದ ಕಡೆಗೆ ನಡೆದರೆ ಕೋಬೆ ಮಸೀದಿ. ಸಿನಿಮಾದಲ್ಲಿ ಅದು ಇಲ್ಲ, ಆದರೆ ಆ ಕಥೆಯ ಊರಿನಲ್ಲಿ ಅದು ಇತ್ತು. ಜಪಾನಿನ ಮೊದಲ ಮಸೀದಿ, 1935ರಲ್ಲಿ ಕಟ್ಟಿದ್ದು. ಹಣ ಕೂಡಿಸಿದವರಲ್ಲಿ ಅಂದು ಕೋಬೆ ಬಂದರಿನಲ್ಲಿ ವ್ಯಾಪಾರ ಮಾಡುತ್ತಿದ್ದ ಭಾರತದ ಮುಸ್ಲಿಮರೂ, ರಷ್ಯಾದಿಂದ ಬಂದು ನೆಲೆಸಿದ್ದ ತಾತಾರರೂ ಇದ್ದರು. 1945ರಲ್ಲಿ ಸುತ್ತಲಿನ ಮನೆಗಳು ಬೂದಿಯಾದಾಗಲೂ ಅದು ನಿಂತಿತ್ತು. ಮಾರ್ಚ್ 17 ಮತ್ತು ಜೂನ್ 5ರ ದಾಳಿಗಳು ಅತಿ ಘೋರವಾದವು. ಕೋಬೆಯ ಮೇಲಿನ ದಾಳಿಗಳಲ್ಲಿ ಏಳು ಸಾವಿರಕ್ಕೂ ಹೆಚ್ಚು ಜನ ಸತ್ತರು. ಐವತ್ತು ವರ್ಷಗಳ ನಂತರ, 1995ರ ಜನವರಿ 17ರ ಬೆಳಗಿನ ಜಾವ, 6,434 ಜನರನ್ನು ಬಲಿ ತೆಗೆದುಕೊಂಡ ಭೂಕಂಪದಲ್ಲೂ ಅದು ಉಳಿಯಿತು. ನಾನು ಮೇಲಂತಸ್ತಿನಲ್ಲಿ ಲುಹರ್ ಮಾಡಿದೆ. ಪಕ್ಕದಲ್ಲಿ ಇಂಡೋನೇಷ್ಯಾದ ಹುಡುಗಿಯೊಬ್ಬಳು ಸಲಾಂ ಹೇಳಿ ಒಂದು ಮಿಠಾಯಿ ಕೊಟ್ಟಳು. ಪರ್ಸಿನಲ್ಲಿಟ್ಟುಕೊಂಡೆ. ಆ ದಿನ ಮಿಠಾಯಿ ತಿನ್ನುವ ಮನಸ್ಸಿರಲಿಲ್ಲ.

ಮಧ್ಯಾಹ್ನ ಇಶಿಯಾಗಾವಾ ಎಂಬ ಸಣ್ಣ ನಿಲ್ದಾಣದಲ್ಲಿ ಇಳಿದೆವು. ಇಲ್ಲಿ ಸಿನಿಮಾದ ಜಾಗ ಕಣ್ಣಿಗೆ ಹೊಡೆದಂತೆ ಕಾಣುತ್ತದೆ. ಬೆಂಕಿ ಮುಗಿದ ಮೇಲೆ ಸೆಯಿತಾ ತಂಗಿಯನ್ನು ಬೆನ್ನಿಗೆ ಕಟ್ಟಿಕೊಂಡು ಈ ಹೊಳೆಯ ದಂಡೆಗೆ ಏರುತ್ತಾನೆ. ಕಣ್ಣು ಹಾಯುವವರೆಗೂ ಕರಕಲು ಬಯಲು. ನಡುವೆ ಒಂಟಿಯಾಗಿ ನಿಂತ ದೊಡ್ಡ ಕಟ್ಟಡ. ಅದು ಮಿಕಾಗೆಯ ಸಾರ್ವಜನಿಕ ಸಭಾಭವನ, 1933ರದ್ದು. ಯುದ್ಧದ ಬೆಂಕಿ, ಭೂಕಂಪ ಎರಡನ್ನೂ ದಾಟಿ ಈಗಲೂ ಹೆದ್ದಾರಿಯ ಪಕ್ಕದಲ್ಲಿದೆ. ಮೂಲೆ ಗುಂಡಗಿರುವ ಕಂದು ಬಣ್ಣದ ಕಟ್ಟಡ, ಕೆಳಗೆ ಒಂದು ಹೋಟೆಲು. ಅಲ್ಲಿನ ಆಮ್ಲೆಟ್ ಹೊದೆಸಿದ ಅನ್ನ ಬಹಳ ಹೆಸರುವಾಸಿಯಂತೆ. ನಮಗೆ ಅದು ಆಗುವುದಿಲ್ಲವಲ್ಲ, ಹೊರಗಿನಿಂದಲೇ ನೋಡಿದೆವು.

ದಂಡೆಯ ಮೇಲೆ ನಿಂತು ಅವನು ಫೋನು ತೆಗೆದು ದೃಶ್ಯವನ್ನು ಹೊಂದಿಸಲು ಹೋದ. ಒಂದು ಕ್ಷಣ ಹಿಡಿದು, ಹಾಗೇ ಜೇಬಿಗೆ ಹಾಕಿಕೊಂಡ. ಕಟ್ಟಡ ಅದೇ. ಸುತ್ತ ಮಾತ್ರ ಮನೆಗಳು, ತಂತಿಗಳು, ಬಾಲ್ಕನಿಯಲ್ಲಿ ಒಣಹಾಕಿದ ಬಟ್ಟೆಗಳು. ಬಟ್ಟೆ ಒಣಗುವುದನ್ನು ನೋಡಿ ನನಗೆ ಇಷ್ಟು ಸಮಾಧಾನ ಆದದ್ದು ಅದೇ ಮೊದಲು.

ಅಂದ ಹಾಗೆ, ನಿರ್ದೇಶಕ ತಕಾಹಾಟಾ ಬೆಂಕಿಯನ್ನು ಪುಸ್ತಕ ಓದಿ ಬಿಡಿಸಿದವರಲ್ಲ. 1945ರ ಜೂನ್ 29ರಂದು ಒಕಾಯಾಮಾ ಪಟ್ಟಣದ ಮೇಲೆ ದಾಳಿಯಾದಾಗ ಒಂಬತ್ತು ವರ್ಷದ ಅವರು ತಮ್ಮ ಅಕ್ಕನ ಜೊತೆ ಉರಿಯುವ ಬೀದಿಗಳಲ್ಲಿ ಓಡಿ ಬದುಕಿದವರು. 2018ರಲ್ಲಿ ತೀರಿಕೊಂಡರು. ಆ ಸಿನಿಮಾದಲ್ಲಿ ಬಾಂಬುಗಳು ಮಳೆ ಹನಿಯಂತೆ ಸದ್ದು ಮಾಡುತ್ತಾ ಬೀಳುವುದನ್ನು ನೀವು ನೋಡಿದರೆ, ಇದು ಕೇಳಿದವರ ಕೆಲಸ ಎಂದು ತಿಳಿಯುತ್ತದೆ.

ಮತ್ತೆ ರೈಲು. ಕೊರೊಯೆನ್ ನಿಲ್ದಾಣದಲ್ಲಿ ಇಳಿದರೆ ನಿಶಿನೊಮಿಯಾ. ಈ ನಿಲ್ದಾಣ ಶುಕುಗಾವಾ ಹೊಳೆಯ ಮೇಲೆಯೇ ಇದೆ. ಅಣ್ಣ ತಂಗಿ ಆಡುವ ಕಡಲ ದಂಡೆ ಕೆಳಗಿನ ದಿಕ್ಕಿಗೆ. ನನ್ನ ಮೊಣಕಾಲು ಎರಡು ಕಡೆಗೂ ಒಪ್ಪಲಿಲ್ಲ, ಮೇಲಿನ ದಿಕ್ಕಿಗೆ ಹೊರಟೆವು. ಹೊಳೆಯ ಎರಡೂ ಬದಿ ಪೈನ್ ಮರ, ಚೆರ್ರಿ ಮರ. ಹೂವಿನ ಕಾಲ ಮುಗಿದು ಎಲೆ ದಟ್ಟವಾಗಿತ್ತು. ಅಜ್ಜಿಯರು ನಾಯಿ ಹಿಡಿದು ನಡೆಯುತ್ತಿದ್ದರು, ಮಕ್ಕಳು ನೀರಿಗಿಳಿದು ಮೀನು ಹುಡುಕುತ್ತಿದ್ದರು. ಹಸಿವಿನ ಕಥೆಗೆ ಇಷ್ಟು ಚೆಂದದ ಊರು ಇರುತ್ತದೆಂದು ನಾನು ಎಣಿಸಿರಲಿಲ್ಲ. ಅನುಕೂಲಸ್ಥರ ಮನೆಗಳೇ ಹೆಚ್ಚು. ಇಂಥ ಯಾವುದೋ ಓಣಿಯಲ್ಲಿ ಆ ಹೆಂಗಸಿನ ಮನೆ, ಅವಳ ಅಡುಗೆ ಒಲೆ, ಅವಳ ಸೌಟು.

ಜಪಾನಿನಲ್ಲೂ ವಯಸ್ಸಾದ ಮೇಲೆ ಈ ಸಿನಿಮಾ ನೋಡಿದವರು ಆ ಹೆಂಗಸಿನ ಕಷ್ಟವೂ ಅರ್ಥವಾಗುತ್ತದೆ ಎನ್ನುವುದುಂಟಂತೆ. ಯುದ್ಧದ ಕಾಲ, ರೇಷನ್, ದುಡಿಯದ ಇಬ್ಬರು ಹೆಚ್ಚಿನವರು. ನಿಜವೇ. ಅವಳು ಅವರನ್ನು ಹೊಡೆಯಲಿಲ್ಲ, ಹೊರಗೆ ಹಾಕಲೂ ಇಲ್ಲ. ನಾನೂ ಹೊಡೆದವಳಲ್ಲ. ಆದರೆ ಆ ಅರ್ಥವಾಗುವಿಕೆ ನನಗೆ ಬೇಡವಾಗಿತ್ತು. ಅದು ಸುಲಭವಾಗಿ ಸಿಗುವ ವಸ್ತು.

ಕೆರೆಯ ಹೆಸರು ನಿತೆಕೊ. ಅದು ಈಗ ಊರಿಗೆ ನೀರು ಕೊಡುವ ಜಲಾಶಯ, ಸುತ್ತ ಬೇಲಿ. 1995ರ ಭೂಕಂಪದಲ್ಲಿ ಇದರ ದಂಡೆಯೇ ಕುಸಿದಿತ್ತು. ಗುಹೆಗಳ ಗುರುತೇನೂ ಇಲ್ಲ. ಹತ್ತಿರದಲ್ಲೇ ಭೂಕಂಪದಲ್ಲಿ ಸತ್ತವರ ನೆನಪಿನ ಉದ್ಯಾನವಿದೆ. ಅದರೊಳಗೆ 2020ರ ಜೂನಿನಲ್ಲಿ ಈ ಕಥೆಗಾಗಿಯೇ ಒಂದು ಕಲ್ಲು ನೆಟ್ಟಿದ್ದಾರೆ, ಕಥೆ ಹುಟ್ಟಿದ ಜಾಗ ಇದು ಎಂದು. ಬೆಂಚಿನ ಮೇಲೆ ಕುಳಿತೆವು.

"ಬರೆದವರು ಯಾರು ಬೇಟಾ?" ಎಂದೆ.

ಅವನು ಫೋನಿನಲ್ಲಿ ಓದಿ ಹೇಳಿದ. ಅಕಿಯುಕಿ ನೊಸಾಕಾ. 1930ರಲ್ಲಿ ಹುಟ್ಟಿದವರು, ಕೋಬೆಯ ಒಂದು ಮನೆಗೆ ದತ್ತು ಹೋಗಿ ಬೆಳೆದವರು. ಜೂನ್ 5ರ ದಾಳಿಯಲ್ಲಿ ಸಾಕುತಂದೆಯನ್ನು ಕಳೆದುಕೊಂಡು, ಪುಟ್ಟ ತಂಗಿಯನ್ನು ಎತ್ತಿಕೊಂಡು ಈ ಕೆರೆಯ ಹತ್ತಿರದ ಸಂಬಂಧಿಕರ ಮನೆಗೆ ಬಂದರು. ಒಂದೂವರೆ ವರ್ಷವೂ ತುಂಬದ ಆ ಮಗು ಆಮೇಲೆ ಫುಕುಯಿ ಎಂಬಲ್ಲಿ ಹಸಿವಿನಿಂದ ಸತ್ತಿತು. ಇಪ್ಪತ್ತೆರಡು ವರ್ಷಗಳ ನಂತರ, 1967ರಲ್ಲಿ, ಅವರು ಈ ಕಥೆ ಬರೆದರು. ದೊಡ್ಡ ಪ್ರಶಸ್ತಿಯೂ ಬಂತು. ಆದರೆ ಕಥೆಯ ಸೆಯಿತಾನಷ್ಟು ಒಳ್ಳೆಯ ಅಣ್ಣ ತಾನಾಗಿರಲಿಲ್ಲ ಎಂದು ಅವರೇ ಹೇಳಿಕೊಂಡಿದ್ದಾರೆ. ತಂಗಿಗೆ ಕೊಡಬೇಕಾದದ್ದನ್ನು ತಾನೇ ತಿಂದದ್ದುಂಟು, ಅಳು ನಿಲ್ಲಿಸಲು ಮಗುವಿನ ತಲೆಗೆ ಹೊಡೆದದ್ದುಂಟು. 2015ರಲ್ಲಿ ತೀರಿಕೊಳ್ಳುವವರೆಗೂ ಅದು ಅವರನ್ನು ಬಿಡಲಿಲ್ಲ. ಹೆಸರಿನಲ್ಲಿರುವ 'ಹೊತಾರು', ಅಂದರೆ ಮಿಣುಕುಹುಳ ಎಂಬ ಮಾತನ್ನು ಅವರು ವಾಡಿಕೆಯ ಅಕ್ಷರದಲ್ಲಿ ಬರೆಯದೆ, ತೊಟ್ಟಿಕ್ಕುವ ಬೆಂಕಿ ಎಂಬ ಅರ್ಥ ಬರುವಂತೆ ಬರೆದರಂತೆ.

ನಾನು ಮತ್ತು ತಂಗಿ ಚಿಕ್ಕವರಿದ್ದಾಗ, ಮೊದಲ ಮಳೆಯ ಹೊತ್ತಿಗೆ, ಹಿತ್ತಲಿನಲ್ಲಿ ಮಿಣುಕುಹುಳ ಹಿಡಿದು ಹಾರ್ಲಿಕ್ಸ್ ಬಾಟಲಿಗೆ ತುಂಬುತ್ತಿದ್ದೆವು. ಬೆಳಿಗ್ಗೆ ನೋಡಿದರೆ ಎಲ್ಲ ಸತ್ತಿರುತ್ತಿದ್ದವು. ಅವಳು ಬಾಟಲಿ ಮುಟ್ಟುತ್ತಿರಲಿಲ್ಲ, ನಾನೇ ಚೆಲ್ಲಿ ತೊಳೆಯಬೇಕಿತ್ತು. ಸಿನಿಮಾದ ಪುಟ್ಟ ಹುಡುಗಿ ಸತ್ತ ಹುಳಗಳಿಗೆ ಗುಂಡಿ ತೋಡುತ್ತಾಳೆ. ಅಮ್ಮನೂ ಮಣ್ಣಿನಲ್ಲಿರುವುದು ತನಗೆ ಗೊತ್ತೆಂದು ಅಣ್ಣನಿಗೆ ಹೇಳುತ್ತಾಳೆ. ಅಣ್ಣ ಮುಚ್ಚಿಟ್ಟಿದ್ದನ್ನು ಆ ಹೆಂಗಸೇ ಅವಳಿಗೆ ಹೇಳಿರುತ್ತಾಳೆ.

ನಾನು ಅವನ ಕಡೆ ನೋಡದೆ ಹೇಳಿದೆ. "ಬೇಟಾ, ನಿನ್ನ ಅಮ್ಮನ ಬಳೆಯ ಹಣ ಎಲ್ಲವೂ ಫೀಸಿಗೆ ಹೋಗಿರಲಿಲ್ಲ. ಅರ್ಧಕ್ಕಿಂತ ಹೆಚ್ಚು ಮನೆಗೆ ಹೋಯಿತು. ನಿನಗೆ ಸುಳ್ಳು ಹೇಳಿದ್ದೆ."

ಅವನು ಕೆರೆಯನ್ನೇ ನೋಡುತ್ತಿದ್ದ. "ಗೊತ್ತಿತ್ತು ಖಾಲಾ. ಫೀಸು ಎಷ್ಟೆಂದು ಶಾಲೆಯ ರಸೀದಿಯಲ್ಲೇ ಇತ್ತಲ್ಲ."

"ಮತ್ತೆ ಕೇಳಲಿಲ್ಲ ಯಾಕೆ?"

"ಆ ಅಕ್ಕಿ ನಾನೂ ತಿಂದಿದ್ದೆನಲ್ಲ" ಎಂದ. ಸ್ವಲ್ಪ ತಡೆದು, "ಆಗ ಸಿಟ್ಟಿತ್ತು ಖಾಲಾ. ಇಲ್ಲವೆಂದರೆ ಸುಳ್ಳಾಗುತ್ತದೆ. ಹಾಸ್ಟೆಲಿಗೆ ಹೋದ ಮೇಲೂ ಇತ್ತು" ಎಂದ.

ನಾನು ಆ ಬಳೆಯ ತೂಕದ ಚಿನ್ನವನ್ನು ಊರಿನಲ್ಲಿ ಮಾಡಿಸಿಟ್ಟಿದ್ದೆ. ಬ್ಯಾಗಿನಿಂದ ತೆಗೆದು ಕೊಟ್ಟೆ. ಬೇಡ ಎನ್ನುತ್ತಾನೆಂದುಕೊಂಡಿದ್ದೆ. ಅವನು ಬೇಡ ಎನ್ನಲಿಲ್ಲ. ತೆಗೆದುಕೊಂಡು, ಕಾಗದ ಬಿಚ್ಚಿ ನೋಡಿ, ಒಳಜೇಬಿಗಿಟ್ಟುಕೊಂಡ. ಅವನು ತೆಗೆದುಕೊಂಡದ್ದಕ್ಕೆ ನನಗಾದ ಹಗುರವನ್ನು ಹೇಗೆ ಹೇಳಲಿ? ಬೇಡ ಎಂದು ದೊಡ್ಡತನ ತೋರಿಸಿದ್ದರೆ ನಾನು ಆ ಬೆಂಚಿನಿಂದ ಏಳುತ್ತಿರಲಿಲ್ಲ.

ಮೊಟ್ಟೆಯ ವಿಷಯ ಮಾತ್ರ ಹೇಳಲಾಗಲಿಲ್ಲ. ಹೇಳಬೇಕೆಂದೇ ಅಷ್ಟು ದೂರ ಹೋದವಳು. ಚಿನ್ನದ ಮಾತಿಗೆ ಬಾಯಿ ಬಂತು, ಎರಡು ರೂಪಾಯಿಯ ಮೊಟ್ಟೆಯ ಮಾತಿಗೆ ಬರಲಿಲ್ಲ. ದೊಡ್ಡ ತಪ್ಪಿಗೆ ಕಾರಣ ಕೊಡಬಹುದು, ಅಂಗಡಿ ಮುಳುಗಿತ್ತು, ಬಾಡಿಗೆ ಬಾಕಿಯಿತ್ತು ಎಂದು. ಇದಕ್ಕೆ ಏನು ಹೇಳಲಿ?

ಕತ್ತಲಾಗುವವರೆಗೆ ಅಲ್ಲೇ ಇದ್ದೆವು. ಮಿಣುಕುಹುಳ ಕಾಣಲಿಲ್ಲ. ಎದುರಿನ ಗುಡ್ಡದ ಮನೆಗಳಲ್ಲಿ ಒಂದೊಂದಾಗಿ ದೀಪ ಹತ್ತಿತು. ವಾಪಸ್ಸು ಬರುವಾಗ ರೈಲಿನಲ್ಲಿ ಅವನು ನನ್ನ ಭುಜಕ್ಕೆ ತಲೆ ಆನಿಸಿ ನಿದ್ದೆ ಹೋದ. ಮೂವತ್ತಮೂರು ವರ್ಷದ ಗಂಡಸು, ಬಾಯಿ ಸ್ವಲ್ಪ ತೆರೆದಿತ್ತು, ತಂಗಿಯ ಹಾಗೆ.

ಮರುದಿನ ಫಜ್ರ್ ಮುಗಿಸಿ ನಾನು ಮತ್ತೆ ಮಲಗಿದ್ದೆ. ಎದ್ದು ಬರುವಾಗ ಅವನು ಅಡುಗೆಮನೆಯಲ್ಲಿದ್ದ. ಒಲೆಯ ಮೇಲೆ ನೀರು ಕುದಿಯುತ್ತಿತ್ತು. ನಾಲ್ಕು ಮೊಟ್ಟೆ ಬೇಯಿಸಿ, ತಣ್ಣೀರಿಗೆ ಹಾಕಿ, ನಿಂತುಕೊಂಡೇ ಸಿಪ್ಪೆ ಸುಲಿದ. ಎರಡು ನನ್ನ ತಟ್ಟೆಗೆ, ಎರಡು ತನ್ನದಕ್ಕೆ.

"ನೀನು ಮೊಟ್ಟೆ ತಿನ್ನುತ್ತೀಯಾ?" ಎಂದೆ.

"ದಿನಾ ತಿನ್ನುತ್ತೇನೆ ಖಾಲಾ" ಎಂದು ಕಾಳುಮೆಣಸಿನ ಪುಡಿ ಉದುರಿಸುತ್ತಾ, "ಉಪ್ಪು ಸಾಕಾ ನೋಡಿ" ಎಂದ.